ಪಿಕಪ್‌ಗೆ ಏನೇನ್ ಹಾಕಿಸ್ಬೇಕು, ಏನ್ ಬೇಡ? ಕಾಡುದಾರಿ ಟ್ರಿಪ್ ಹೊರಡೋ ಮುಂಚೆ ಈ ಲೆಕ್ಕ ನೋಡ್ಕೊಳ್ಳಿ

ಮೂಡಿಗೆರೆ: ಮಳೆ ಸ್ವಲ್ಪ ಬಿಡುವು ಕೊಟ್ರೆ ಸಾಕು, ಶನಿವಾರ ಭಾನುವಾರ ದೇವರಮನೆ, ಎತ್ತಿನಭುಜ, ರಾಣಿಝರಿ ಕಡೆ ಗಾಡಿಗಳ ಸಾಲು ಶುರು. ಮೊದಲೆಲ್ಲ ಈ ಸಾಲಿನಲ್ಲಿ ಜೀಪು, ಬೈಕು ಹೆಚ್ಚು. ಈಗ ಪಿಕಪ್‌ಗಳೂ ಸೇರಿಕೊಂಡಿವೆ. ತಲೆ ಮೇಲೆ ಟೆಂಟು, ಮುಂದೆ ಕಬ್ಬಿಣದ ಬಂಪರ್, ಸಾಲಾಗಿ ಎಲ್‌ಇಡಿ ಲೈಟು, ಪಕ್ಕದಲ್ಲಿ ಮೂತಿ ಎತ್ತಿದ ಸ್ನಾರ್ಕಲ್. ಅದನ್ನ ನೋಡಿದ ನಮ್ಮೂರ ಹುಡುಗರಿಗೂ ಆಸೆ. ಹಾಲು, ಹಸಿರು ಕಾಳು, ಗೊಬ್ಬರ ಸಾಗಿಸೋ ಪಿಕಪ್‌ಗೂ ಹಂಗೇ ಹಾಕಿಸೋಣ ಅಂತ ಅಂಗಡಿಗೆ ಹೋಗಿ ವಿಚಾರಿಸೋರು ಹೆಚ್ಚಾಗಿದ್ದಾರೆ.

ಆಸೆ ತಪ್ಪಲ್ಲ. ಆದ್ರೆ ಗಾಡಿ ಮೇಲೆ ಲೋನ್ ಇರುವಾಗ, ಅದೇ ಗಾಡಿಯಿಂದ ಮನೆ ನಡೀತಿರುವಾಗ, ಕಣ್ಣಿಗೆ ಚೆಂದ ಕಂಡಿದ್ದನ್ನೆಲ್ಲ ಹಾಕಿಸಿದ್ರೆ ಮೂರು ಕಡೆ ಪೆಟ್ಟು ಬೀಳುತ್ತೆ. ಒಂದು ಜೇಬಿಗೆ, ಎರಡನೇದು ಇನ್ಶೂರೆನ್ಸ್‌ಗೆ, ಮೂರನೇದು ಜೀವಕ್ಕೆ. ಹಾಗಾದ್ರೆ ಮೊದಲು ಏನು ತಗೋಬೇಕು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ? ಇಲ್ಲಿದೆ ಪೂರ್ತಿ ವಿವರ.

ಮೊದಲು ಬೋರ್ಡ್ ಬಣ್ಣ ನೋಡಿ

ಎಲ್ಲ ಪಿಕಪ್ ಒಂದೇ ಅಲ್ಲ. ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ತರದ ಗಾಡಿಗಳು ಸ್ವಂತ ಬಳಕೆಗೆ ಬಿಳಿ ಬೋರ್ಡ್‌ನಲ್ಲಿ ನೋಂದಣಿ ಆಗುತ್ತವೆ. ವಿ-ಕ್ರಾಸ್ ತಯಾರಾಗೋದು ಆಂಧ್ರದ ಶ್ರೀಸಿಟಿಯಲ್ಲಿ. 2022ರಲ್ಲಿ ಭಾರತಕ್ಕೆ ಬಂದ ಹೈಲಕ್ಸ್ ಜೋಡಣೆ ಆಗೋದು ನಮ್ಮದೇ ರಾಜ್ಯದ ಬಿಡದಿಯಲ್ಲಿ. ಆದ್ರೆ ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ ದಿನಾ ಓಡಾಡೋ ಬೊಲೆರೊ ಪಿಕಪ್‌ನಂಥ ಗಾಡಿಗಳು ಹಳದಿ ಬೋರ್ಡ್‌ನ ಸರಕು ವಾಹನಗಳು.

ಇದರಲ್ಲಿ ಏನು ವ್ಯತ್ಯಾಸ ಅಂತ ಕೇಳಬಹುದು. ಸರಕು ಗಾಡಿಯ ಹಿಂದಿನ ತೊಟ್ಟಿಯಲ್ಲಿ ಜನರನ್ನ ಕೂರಿಸಿಕೊಂಡು ಹೋಗೋದು ಕಾನೂನಿನಲ್ಲಿ ತಪ್ಪು. ಏನಾದ್ರೂ ಅವಘಡ ಆದ್ರೆ ತೊಟ್ಟಿಯಲ್ಲಿ ಕೂತಿದ್ದವರ ಪರಿಹಾರದ ವಿಷಯ ಕೋರ್ಟ್ ಮೆಟ್ಟಿಲು ಹತ್ತುತ್ತೆ, ಮಾಲೀಕರ ಕುತ್ತಿಗೆಗೆ ಬರುತ್ತೆ. ಹಿಂದೆ ಬೆಂಚು ಹಾಕಿಸಿ, ಮೇಲೆ ಟಾರ್ಪಾಲ್ ಕಟ್ಟಿ, ಎಂಟು ಜನರ ಅಡ್ವೆಂಚರ್ ಟ್ರಿಪ್ ಮಾಡ್ತೀವಿ ಅನ್ನೋ ಯೋಚನೆ ಇದ್ರೆ ಇಲ್ಲೇ ಬಿಟ್ಟುಬಿಡಿ. ಆರ್‌ಸಿಯಲ್ಲಿ ಎಷ್ಟು ಸೀಟು ಇದೆಯೋ ಅಷ್ಟೇ ಜನ.

ಎಲ್ಲಕ್ಕಿಂತ ಮುಂಚೆ ತೂಕದ ಲೆಕ್ಕ

ಅಂಗಡಿಗೆ ಹೋಗೋ ಮುಂಚೆ ಆರ್‌ಸಿ, ಗಾಡಿ ಜೊತೆ ಕೊಟ್ಟ ಪುಸ್ತಕ ಎರಡನ್ನೂ ತೆಗೆದು ಎರಡು ಅಂಕಿ ಬರೆದಿಟ್ಕೊಳ್ಳಿ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಜನ, ಸಾಮಾನು ಎಲ್ಲ ಸೇರಿ ಇರಬಹುದಾದ ಗರಿಷ್ಠ ಒಟ್ಟು ತೂಕ. ಎರಡನೇದರಲ್ಲಿ ಮೊದಲನೇದನ್ನ ಕಳೆದ್ರೆ ನೀವು ಹೇರಬಹುದಾದ ತೂಕ ಸಿಗುತ್ತೆ.

ಉದಾಹರಣೆಗೆ ಒಟ್ಟು ತೂಕ 2,500 ಕೆ.ಜಿ., ಖಾಲಿ ತೂಕ 2,000 ಕೆ.ಜಿ. ಅಂದ್ಕೊಳ್ಳಿ. ಉಳಿದಿದ್ದು 500 ಕೆ.ಜಿ. ಈಗ ಹೇರ್ತಾ ಹೋಗಿ.

* ತಲಾ 70 ಕೆ.ಜಿ.ಯ ನಾಲ್ಕು ಜನ: 280 ಕೆ.ಜಿ.
* ತಲೆ ಮೇಲಿನ ಟೆಂಟು: ಸುಮಾರು 60 ಕೆ.ಜಿ.
* ಕಬ್ಬಿಣದ ಬಂಪರ್ ಮತ್ತು ವಿಂಚ್: ಸುಮಾರು 100 ಕೆ.ಜಿ.
* 20 ಲೀಟರಿನ ಎರಡು ಕ್ಯಾನ್ ನೀರು: 40 ಕೆ.ಜಿ.

ಇಷ್ಟಕ್ಕೇ 480 ಕೆ.ಜಿ. ಆಯ್ತು. ಇನ್ನು ಒಲೆ, ಪಾತ್ರೆ, ಬ್ಯಾಗು, ಹಾಸಿಗೆ, ಟೂಲ್ಸ್, ತಿಂಡಿ ಯಾವುದೂ ಲೆಕ್ಕಕ್ಕೇ ಬಂದಿಲ್ಲ. ಉಳಿದಿರೋದು ಬರೀ 20 ಕೆ.ಜಿ.!

ನಮ್ಮ ಪಿಕಪ್ ಟನ್‌ಗಟ್ಟಲೆ ಎಳೆಯುತ್ತೆ, ಇದೇನ್ ಮಹಾ ಅಂತ ಕೆಲವರು ಕೇಳ್ತಾರೆ. ಸರಕಿಗೇ ಅಂತ ಮಾಡಿದ ಗಾಡಿಗೆ ಆ ಮಾತು ಸರಿ. ಆದ್ರೆ ಬಿಳಿ ಬೋರ್ಡ್‌ನ ಐಷಾರಾಮಿ ಪಿಕಪ್‌ಗಳ ಹೇರುವ ಶಕ್ತಿ ನೋಡೋಕೆ ಕಾಣೋದಕ್ಕಿಂತ ತುಂಬಾ ಕಡಿಮೆ. ಅದೂ ಅಲ್ದೆ ತೂಕ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ತೊಟ್ಟಿಯ ತಳದಲ್ಲಿ ಇಟ್ಟ 60 ಕೆ.ಜಿ. ಬೇರೆ, ತಲೆ ಮೇಲೆ ಇಟ್ಟ 60 ಕೆ.ಜಿ. ಬೇರೆ. ತಲೆ ಮೇಲೆ ಭಾರ ಹೆಚ್ಚಾದಷ್ಟೂ ಓರೆ ರಸ್ತೆಯಲ್ಲಿ, ಚಾರ್ಮಾಡಿಯಂಥ ಘಾಟಿ ತಿರುವುಗಳಲ್ಲಿ ಗಾಡಿ ವಾಲೋದು ಜಾಸ್ತಿ.

ಇನ್ನೊಂದು ಮಾತು. ರೂಫ್ ಎಷ್ಟು ಭಾರ ತಡೆಯುತ್ತೆ ಅನ್ನೋದಕ್ಕೆ ಎರಡು ಲೆಕ್ಕ ಇರುತ್ತೆ. ಗಾಡಿ ಓಡುವಾಗ ತಡೆಯೋ ಭಾರ ಕಡಿಮೆ, ನಿಂತಿರುವಾಗ ತಡೆಯೋದು ಹೆಚ್ಚು. ಟೆಂಟಿನಲ್ಲಿ ಇಬ್ಬರು ಮಲಗಬಹುದು ಅಂದ ಮಾತ್ರಕ್ಕೆ ಅಷ್ಟೇ ಭಾರ ಹೇರಿಕೊಂಡು ಗಾಡಿ ಓಡಿಸಬಹುದು ಅಂತ ಅರ್ಥ ಅಲ್ಲ.

ದುಡ್ಡು ಮೊದಲು ಹೋಗಬೇಕಾದ್ದು ಟಯರ್‌ಗೆ

ಗಾಡಿಯಲ್ಲಿ ನೆಲ ಮುಟ್ಟೋದು ನಾಲ್ಕು ಟಯರ್ ಮಾತ್ರ. ಇಂಜಿನ್ನು ಎಷ್ಟೇ ದೊಡ್ಡದಿರಲಿ, ಟಯರ್ ಜಾರಿದ್ರೆ ಎಲ್ಲ ವ್ಯರ್ಥ. ಆದ್ದರಿಂದ ಲೈಟು, ಬಂಪರ್‌ಗೆ ಕೈ ಹಾಕೋ ಮುಂಚೆ ಟಯರ್ ನೋಡಿ.

ಅಂಗಡಿಯಲ್ಲಿ ಮೂರು ತರ ಸಿಗುತ್ತೆ. ಎಚ್‌ಟಿ ಅಂದ್ರೆ ಡಾಂಬರ್ ರಸ್ತೆಗೆ. ಎಟಿ ಅಂದ್ರೆ ಡಾಂಬರ್, ಕಚ್ಚಾ ರಸ್ತೆ ಎರಡಕ್ಕೂ. ಎಂಟಿ ಅಂದ್ರೆ ಪೂರ್ತಿ ಕೆಸರಿಗೆ. ಫೋಟೋದಲ್ಲಿ ಎಂಟಿ ಟಯರ್ ಚೆಂದ ಕಾಣುತ್ತೆ, ನಿಜ. ಆದ್ರೆ ಡಾಂಬರ್ ಮೇಲೆ ಗುಂಯ್ ಅಂತ ಸದ್ದು, ಡೀಸೆಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಒದ್ದೆ ಡಾಂಬರ್‌ನಲ್ಲಿ ಬ್ರೇಕ್ ಹಾಕಿದ್ರೆ ಗಾಡಿ ನಿಲ್ಲೋಕೆ ಜಾಗವೂ ಹೆಚ್ಚು ಬೇಕು. ವಾರದಲ್ಲಿ ಐದು ದಿನ ಪೇಟೆ, ಎರಡು ದಿನ ತೋಟದ ದಾರಿ ಅನ್ನೋರಿಗೆ ಎಟಿ ಸಾಕು.

ಟಯರ್ ಮೇಲಿನ ಅಂಕಿ ಓದೋದು ಕಷ್ಟ ಏನಲ್ಲ. ಹೈಲಕ್ಸ್‌ನ 265/60 ಆರ್18 ತಗೊಳ್ಳಿ. 265 ಅಂದ್ರೆ ಟಯರ್ ಅಗಲ, ಮಿಲಿಮೀಟರ್‌ನಲ್ಲಿ. 60 ಅಂದ್ರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 60, ಅಂದ್ರೆ 159 ಮಿ.ಮೀ. 18 ಅನ್ನೋದು ರಿಮ್ ಅಳತೆ, ಇಂಚಿನಲ್ಲಿ. ಅದರ ಪಕ್ಕದಲ್ಲಿ ಭಾರದ ಅಂಕಿ ಇರುತ್ತೆ. 110 ಅಂತ ಇದ್ರೆ ಒಂದು ಟಯರ್ 1,060 ಕೆ.ಜಿ. ತಡೆಯುತ್ತೆ ಅಂತ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟಯರ್ ಯಾವ ಕಾರಣಕ್ಕೂ ಹಾಕಿಸಬೇಡಿ.

ಹಾಗೇ ತಯಾರಾದ ದಿನಾಂಕ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2324 ಅಂತ ಇದ್ರೆ 2024ರ 23ನೇ ವಾರ ತಯಾರಾದದ್ದು. ಆಫರ್ ಬೆಲೆ ಅಂತ ಹಳೇ ಸ್ಟಾಕ್ ಕೊಡ್ತಿದ್ದಾರಾ ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಗೋಡೌನ್‌ನಲ್ಲಿ ಕೂತ ಟಯರ್‌ನ ರಬ್ಬರೂ ಗಟ್ಟಿಯಾಗುತ್ತಾ ಹೋಗುತ್ತೆ.

ಟಯರ್ ದೊಡ್ಡದು ಮಾಡಿಸೋ ಆಸೆ ಇದ್ದರೆ ಒಂದು ಎಚ್ಚರ. ಸುತ್ತಳತೆ ಹೆಚ್ಚಾದ್ರೆ ಸ್ಪೀಡೋಮೀಟರ್ ತೋರಿಸೋದಕ್ಕಿಂತ ಗಾಡಿ ಜೋರಾಗಿ ಓಡ್ತಿರುತ್ತೆ, ತಿರುಗಿಸಿದಾಗ ಮಡ್‌ಗಾರ್ಡ್‌ಗೆ ಉಜ್ಜುತ್ತೆ, ಬ್ರೇಕ್ ಮೇಲೂ ಭಾರ. ಪುಸ್ತಕದಲ್ಲಿ ಕೊಟ್ಟ ಅಳತೆ ಬಿಟ್ಟು ಹೋಗದಿದ್ರೆ ಒಳ್ಳೇದು.

ಕಡಿಮೆ ದುಡ್ಡಿನ ದೊಡ್ಡ ಕೆಲಸ: ಗಾಳಿ

ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿಯನ್ನ ಅರ್ಧ ಸಲ ಬಿಡಿಸೋದು ವಿಂಚ್ ಅಲ್ಲ, ಗಾಳಿ. ಟಯರ್ ಗಾಳಿ ಇಳಿಸಿದ್ರೆ ಅದು ಚಪ್ಪಟೆಯಾಗಿ ನೆಲ ಮುಟ್ಟೋ ಜಾಗ ಹೆಚ್ಚಾಗುತ್ತೆ, ಹಿಡಿತ ಸಿಗುತ್ತೆ. ಡಾಂಬರ್‌ನಲ್ಲಿ 32-35 ಪಿಎಸ್‌ಐ ಇಡೋ ಗಾಡಿಗೆ ಕೆಸರಿನಲ್ಲಿ 20-22 ಸಾಕು. ಕಡಲತೀರದ ಸಡಿಲ ಮರಳಿನಲ್ಲಿ 16-18ರ ತನಕ ಇಳಿಸ್ತಾರೆ. ಅದಕ್ಕಿಂತ ಕೆಳಗೆ ಹೋದ್ರೆ ತಿರುಗಿಸುವಾಗ ಟಯರ್ ರಿಮ್ ಬಿಟ್ಟು ಬರೋ ಅಪಾಯ. ಹಿಂದೆ ಭಾರ ತುಂಬಿದ್ರೆ ಇಷ್ಟು ಇಳಿಸೋಕೂ ಹೋಗಬೇಡಿ.

ಡಾಂಬರ್ ರಸ್ತೆಗೆ ವಾಪಸ್ ಬಂದ ಕೂಡ್ಲೇ ಗಾಳಿ ತುಂಬಿಸಲೇಬೇಕು. ಗಾಳಿ ಕಡಿಮೆ ಇಟ್ಟು ಸ್ಪೀಡಾಗಿ ಹೋದ್ರೆ ಟಯರ್ ಕಾದು ಒಡೆಯುತ್ತೆ. ಹಾಗಾಗಿ ಬ್ಯಾಟರಿಯಿಂದ ಓಡೋ ಒಂದು ಚಿಕ್ಕ ಕಂಪ್ರೆಸರ್, ಒಂದು ಗಾಳಿ ಮೀಟರ್, ಪಂಚರ್ ಕಿಟ್, ಗಟ್ಟಿ ಸ್ಟೆಪ್ನಿ. ಈ ನಾಲ್ಕು ಸಾಮಾನು ಉಳಿದೆಲ್ಲ ಆಕ್ಸೆಸರಿಗಿಂತ ಮುಂಚೆ ಗಾಡಿಯಲ್ಲಿರಬೇಕು. ಜಾಕ್ ಕೆಳಗೆ ಇಡೋಕೆ ಒಂದು ಗಟ್ಟಿ ಹಲಗೆ ತುಂಡೂ ಇರಲಿ. ಇಲ್ದಿದ್ರೆ ಮೆತ್ತನೆ ಮಣ್ಣಲ್ಲಿ ಗಾಡಿ ಏಳೋ ಬದಲು ಜಾಕೇ ಇಳಿಯುತ್ತೆ.

ಮಲೆನಾಡಿನ ಜೀಪಿನವರು ಮಳೆಗಾಲದಲ್ಲಿ ಟಯರ್‌ಗೆ ಚೈನ್ ಕಟ್ಟೋದು ಎಲ್ಲರಿಗೂ ಗೊತ್ತಿರೋದೇ. ಜಾರು ಏರಿಗೆ ಇವತ್ತಿಗೂ ಅದು ಕೆಲಸ ಮಾಡುತ್ತೆ. ಚೈನ್ ಸಡಿಲ ಇರಬಾರದು, ನಿಧಾನ ಹೋಗಬೇಕು, ಡಾಂಬರ್ ಸಿಕ್ಕಿದ ತಕ್ಷಣ ಬಿಚ್ಚಬೇಕು. ಇನ್ನು ಟೂ ವೀಲ್ ಡ್ರೈವ್ ಪಿಕಪ್ ಇದ್ದೋರಿಗೆ ಹಳೇ ಉಪಾಯ ಒಂದಿದೆ. ತೊಟ್ಟಿ ಖಾಲಿ ಇದ್ರೆ ಹಿಂದಿನ ಚಕ್ರಕ್ಕೆ ಭಾರ ಬೀಳದೆ ಸುಮ್ನೆ ಸುತ್ತುತ್ತೆ. ಹಿಂದಿನ ಆಕ್ಸಲ್ ಮೇಲೆ ಬರೋ ಹಾಗೆ ನಾಲ್ಕು ಮರಳು ಚೀಲ ಹಾಕಿ, ಜಾರದಂತೆ ಕಟ್ಟಿ. ಏರು ಹತ್ತೋದು ಸುಲಭ ಆಗುತ್ತೆ.

ಫೋರ್ ವೀಲ್ ಇದ್ದೋರು ಒಂದು ಮಾತು ನೆನಪಿಡಿ. ಹೆಚ್ಚಿನ ಪಿಕಪ್‌ಗಳಲ್ಲಿ ಬೇಕಾದಾಗ ಮಾತ್ರ ಹಾಕೋ ಫೋರ್ ವೀಲ್ ಇರುತ್ತೆ. ಅದನ್ನ ಒಣ ಡಾಂಬರ್‌ನಲ್ಲಿ ಹಾಕಿಕೊಂಡು ಓಡಿಸಿದ್ರೆ ಮುಂದಿನ ಹಿಂದಿನ ಚಕ್ರ ಒಂದಕ್ಕೊಂದು ಎಳೆದಾಡಿ ಗೇರ್ ಭಾಗಕ್ಕೆ ಪೆಟ್ಟು.

ಎಳೆಯೋ ಸಾಮಾನು: ಇಲ್ಲಿ ಕಂಜೂಸ್‌ತನ ಬೇಡ

ಗಾಡಿ ಸಿಕ್ಕಿಬಿತ್ತು ಅಂದ್ರೆ ನಮ್ಮಲ್ಲಿ ಮೊದಲು ಫೋನ್ ಹೋಗೋದು ಟ್ರ್ಯಾಕ್ಟರ್‌ನವರಿಗೆ, ಇಲ್ಲಾಂದ್ರೆ ಜೆಸಿಬಿಯವರಿಗೆ. ಬಂದವರು ಕೈಗೆ ಸಿಕ್ಕಿದ ಚೈನೋ ಹಗ್ಗವೋ ಬಂಪರ್‌ಗೆ ಕಟ್ಟಿ ಎಳೀತಾರೆ. ಸುತ್ತ ಹತ್ತು ಜನ ನಿಂತು ನೋಡ್ತಿರ್ತಾರೆ. ಇಡೀ ಟ್ರಿಪ್‌ನಲ್ಲಿ ಜೀವಕ್ಕೆ ಹೆಚ್ಚು ಅಪಾಯ ಇರೋದು ಇದೇ ಐದು ನಿಮಿಷ.

ಕಾರಣ ಸರಳ. ಬಿಗಿಯಾಗಿ ಎಳೆದ ಹಗ್ಗದಲ್ಲಿ ಕವಣೆಯ ರಬ್ಬರ್‌ನ ಹಾಗೆ ಶಕ್ತಿ ತುಂಬಿರುತ್ತೆ. ಎಲ್ಲಾದ್ರೂ ಒಂದು ಕಡೆ ಬಿಟ್ರೆ ಹಗ್ಗದ ತುದಿಯಲ್ಲಿರೋ ಕಬ್ಬಿಣದ ಕೊಕ್ಕೆ ಗುಂಡಿನ ಹಾಗೆ ಹಾರಿ ಬರುತ್ತೆ. ಟ್ರೇಲರ್ ಎಳೆಯೋಕೆ ಹಿಂದೆ ಇರೋ ಗುಂಡು ಕೊಕ್ಕೆಗೆ ಹಗ್ಗ ಕಟ್ಟಿ ಜಗ್ಗಿದಾಗ ಅದು ಮುರಿದು ಹಾರಿ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಆ ಗುಂಡು ನಿಧಾನವಾಗಿ ಟ್ರೇಲರ್ ಎಳೆಯೋಕೆ ಮಾಡಿದ್ದು, ಜರ್ಕ್ ಕೊಟ್ಟು ಎಳೆಯೋಕೆ ಅಲ್ಲ.

ಹಾಗಾಗಿ ಈ ಸಾಮಾನು ಒಳ್ಳೇ ಗುಣಮಟ್ಟದ್ದೇ ಇರಲಿ.

* ಹಿಗ್ಗೋ ಹಗ್ಗ ಅಥವಾ ಪಟ್ಟಿ: ಜರ್ಕ್ ಕೊಟ್ಟು ಎಳೆಯೋಕೆ ನೈಲಾನ್‌ನದ್ದು. ಇದು ಹಿಗ್ಗಿ ಜರ್ಕ್ ನುಂಗಿಕೊಳ್ಳುತ್ತೆ. ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ತಡೆಯೋದು ಇರಬೇಕು. ಕಬ್ಬಿಣದ ಚೈನ್, ವೈರ್ ರೋಪ್ ಜರ್ಕ್ ಎಳೆತಕ್ಕೆ ಬಳಸಲೇಬಾರದು.
* ಶ್ಯಾಕಲ್: ಮೇಲೆ ಎಷ್ಟು ಟನ್ ಅಂತ ಅಚ್ಚು ಹಾಕಿರಬೇಕು. ಪಿಕಪ್‌ಗೆ ಸಾಮಾನ್ಯವಾಗಿ 4.75 ಟನ್‌ನದ್ದು ಬಳಸ್ತಾರೆ. ಅಂಕಿ ಇಲ್ಲದ್ದು ಎಷ್ಟು ಅಗ್ಗ ಸಿಕ್ಕಿದ್ರೂ ಬೇಡ.
* ಎಳೆಯೋ ಜಾಗ: ಚಾಸಿಗೆ ಕಂಪನಿಯೇ ಕೊಟ್ಟ ಕೊಕ್ಕೆ. ಬಂಪರ್, ಆಕ್ಸಲ್, ಸ್ಟೀರಿಂಗ್ ರಾಡ್ ಯಾವುದಕ್ಕೂ ಕಟ್ಟಬೇಡಿ.
* ಗೋಣಿಚೀಲ: ಹಗ್ಗದ ನಡುವೆ ಒದ್ದೆ ಗೋಣಿಯೋ ದಪ್ಪ ಜಾಕೆಟ್ಟೋ ಹಾಕಿ. ಹಗ್ಗ ತುಂಡಾದ್ರೆ ಮೇಲಕ್ಕೆ ಹಾರದೆ ನೆಲಕ್ಕೆ ಬೀಳೋಕೆ ಸಹಾಯ ಆಗುತ್ತೆ.
* ಜನ ದೂರ: ನೋಡೋಕೆ ನಿಂತವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಇರಬೇಕು. ಹಗ್ಗ ದಾಟಿ ಓಡಾಡೋದಂತೂ ಬೇಡವೇ ಬೇಡ.

ಹಗ್ಗಕ್ಕೂ ಮುಂಚೆ ಹಾರೆ, ಗುದ್ದಲಿ, ಸಲಿಕೆ. ಚಕ್ರದ ಮುಂದಿನ ಮಣ್ಣು ತೆಗೆದು, ಕೆಳಗೆ ಕಲ್ಲು ಅಥವಾ ಪ್ಲಾಸ್ಟಿಕ್ ಹಲ್ಲಿನ ಹಲಗೆ ಕೊಟ್ರೆ ಎಷ್ಟೋ ಸಲ ಗಾಡಿ ತಾನೇ ಎದ್ದು ಬರುತ್ತೆ. ಅಂಥ ಹಲಗೆ ಎರಡು ಇದ್ರೆ ಒಬ್ಬರೇ ಇದ್ದಾಗಲೂ ಧೈರ್ಯ.

ವಿಂಚ್ ಬೇಕಾ?

ಒಂಟಿ ಗಾಡಿಯಲ್ಲಿ ದೂರ ಹೋಗೋರಿಗೆ ಉಪಯೋಗ ಇದೆ. ಎರಡು ಮೂರು ಗಾಡಿ ಜೊತೆಗೆ ಹೋಗೋರಿಗೆ ಹಗ್ಗವೇ ಸಾಕಾಗುತ್ತೆ. ತಗೊಳ್ಳೋದೇ ಆದ್ರೆ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯೋ ಶಕ್ತಿ ಬೇಕು. 3 ಟನ್ ಗಾಡಿಗೆ 4.5 ಟನ್, ಅಂದ್ರೆ ಸುಮಾರು 10,000 ಪೌಂಡ್. ಡಬ್ಬದ ಮೇಲೆ ಬರೆದ ಶಕ್ತಿ ಸಿಗೋದು ಹಗ್ಗ ಪೂರ್ತಿ ಬಿಚ್ಚಿ ಡ್ರಮ್‌ನಲ್ಲಿ ಒಂದೇ ಸುತ್ತು ಪದರ ಉಳಿದಾಗ. ಮೇಲಿನ ಪದರಗಳಲ್ಲಿ ಶಕ್ತಿ ಕಡಿಮೆ. ಜೋರು ಎಳೆತದಲ್ಲಿ ವಿಂಚ್ ನೂರಾರು ಆಂಪಿಯರ್ ಕರೆಂಟ್ ಎಳೆಯುತ್ತೆ. ಬ್ಯಾಟರಿ ಹಳೇದಿದ್ರೆ ಗಾಡಿ ಎದ್ದು ಬರೋ ಮುಂಚೆ ಬ್ಯಾಟರಿ ಮಲಗುತ್ತೆ.

ತೋಟದವರ ಸಿಲ್ವರ್ ಓಕ್‌ಗೆ ವೈರ್ ಸುತ್ತಿ ಎಳೆದ್ರೆ ತೊಗಟೆ ಕಿತ್ತು ಮರ ಹಾಳು. ಅಗಲದ ಪಟ್ಟಿ ಸುತ್ತಿ, ಬುಡದ ಹತ್ತಿರ ಕಟ್ಟಿ. ಅದಕ್ಕೂ ಮುಂಚೆ ತೋಟದವರನ್ನ ಕೇಳಿ.

ಸ್ನಾರ್ಕಲ್ ಇದೆ ಅಂತ ಹಳ್ಳಕ್ಕೆ ಇಳೀಬೇಡಿ

ಸ್ನಾರ್ಕಲ್ ಮಾಡೋ ಕೆಲಸ ಒಂದೇ, ಇಂಜಿನ್ ಉಸಿರಾಡೋ ಗಾಳಿಯನ್ನ ಮೇಲಿಂದ ಎಳೆಯೋದು. ಧೂಳಿನ ರಸ್ತೆಯಲ್ಲೂ ಅದರಿಂದ ಅನುಕೂಲ ಇದೆ. ಆದ್ರೆ ಅದು ಗಾಡಿಯನ್ನ ದೋಣಿ ಮಾಡಲ್ಲ. ಹೈಲಕ್ಸ್‌ಗೆ ಕಂಪನಿ ಹೇಳೋ ನೀರಿನ ಆಳ 700 ಮಿ.ಮೀ., ಅದೂ ನಿಂತ ನೀರಿನಲ್ಲಿ ನಿಧಾನಕ್ಕೆ ಹೋದಾಗಿನ ಮಾತು. ಹರಿಯೋ ನೀರಿನ ಲೆಕ್ಕವೇ ಬೇರೆ. ಎರಡು ಅಡಿ ಹರಿಯೋ ನೀರು ಪಿಕಪ್, ಎಸ್‌ಯುವಿಗಳನ್ನೂ ಎತ್ತಿ ತಳ್ಳಿಕೊಂಡು ಹೋಗಬಲ್ಲದು. ಮಳೆಗಾಲದಲ್ಲಿ ನಮ್ಮ ಹಳ್ಳಗಳು ಘಟ್ಟದ ಮೇಲೆ ಮಳೆ ಬಿದ್ರೆ ಅರ್ಧ ಗಂಟೇಲಿ ಏರುತ್ತವೆ ಅನ್ನೋದು ಊರಿನವರಿಗೆ ಗೊತ್ತು, ಬಂದವರಿಗೆ ಗೊತ್ತಿರಲ್ಲ.

ಗೇರ್‌ಬಾಕ್ಸ್, ಆಕ್ಸಲ್‌ಗೂ ಗಾಳಿ ಕಿಂಡಿ ಇರುತ್ತೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ನೀರು ಎಳ್ಕೊಳ್ಳುತ್ತೆ. ಸ್ನಾರ್ಕಲ್‌ಗೆ ದುಡ್ಡು ಹಾಕೋ ಬದಲು ಈ ಕಿಂಡಿಗಳ ಪೈಪ್ ಮೇಲಕ್ಕೆ ಎತ್ತರಿಸಿ, ನೀರು ದಾಟಿದ ಮೇಲೆ ಆಯಿಲ್ ಬೆಳ್ಳಗಾಗಿದೆಯಾ ಅಂತ ನೋಡಿಸೋದು ಮೇಲು.

ಇಂಜಿನ್ನಿಗೆ ನೀರು ಹೋಗಿ ಗಾಡಿ ಆಫ್ ಆದ್ರೆ ಮತ್ತೆ ಸೆಲ್ಫ್ ಹೊಡೀಬೇಡಿ. ನೀರು ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ಈ ನಷ್ಟ ಹೆಚ್ಚಾಗಿ ಸಿಗಲ್ಲ. ಇಂಜಿನ್ ರಕ್ಷಣೆ ಅಂತ ಬೇರೆ ಕವರ್ ತಗೊಂಡಿರಬೇಕು.

ಬುಲ್ ಬಾರ್, ಲೈಟು: ಕಾನೂನು ಏನ್ ಹೇಳುತ್ತೆ?

ಅಂಗಡಿಯವರೂ ಗ್ರಾಹಕರೂ ಇಬ್ಬರೂ ಗಮನ ಕೊಟ್ಟು ಓದಬೇಕಾದ ಭಾಗ ಇದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಕಾನೂನು ಮೀರಿ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ ₹5,000 ದಂಡ, ಅಥವಾ ಎರಡೂ.

ಬುಲ್ ಬಾರ್ ವಿಷಯದಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದು, ಇದು 52ನೇ ಸೆಕ್ಷನ್ ಉಲ್ಲಂಘನೆ, ಕ್ರಮ ತಗೊಳ್ಳಿ ಅಂತ ಹೇಳಿದೆ. ಇದು ಬರೀ ಕಾಗದದ ರೂಲ್ಸ್ ಅಲ್ಲ. ಗಾಡಿಯ ಮುಂಭಾಗ ಡಿಕ್ಕಿ ಆದಾಗ ನುಜ್ಜುಗುಜ್ಜಾಗಿ ಪೆಟ್ಟನ್ನ ತಾನು ತಗೊಳ್ಳೋಕೆ ಅಂತಲೇ ಮಾಡಿರೋದು. ಮುಂದೆ ಗಟ್ಟಿ ಕಬ್ಬಿಣ ಹಾಕಿ ಚಾಸಿಗೆ ಬಿಗಿದ್ರೆ ಆ ಪೆಟ್ಟು ನೇರವಾಗಿ ಒಳಗೆ ಕೂತವರಿಗೆ. ಏರ್‌ಬ್ಯಾಗ್ ತೆರೆಯೋ ಸಮಯವೂ ಹೆಚ್ಚುಕಮ್ಮಿ ಆಗಬಹುದು. ರಸ್ತೆ ದಾಟೋ ಶಾಲೆ ಮಗುವಿಗೆ ಬಾನೆಟ್ ತಾಗೋದಕ್ಕೂ ಕಬ್ಬಿಣದ ಕಂಬಿ ತಾಗೋದಕ್ಕೂ ಅಜಗಜಾಂತರ.

ಲೈಟಿನದ್ದೂ ಅದೇ ಕತೆ. 2024ರ ಜುಲೈನಲ್ಲಿ ರಾಜ್ಯ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಉದ್ದಗಲಕ್ಕೂ ಕೇಸ್ ಹಾಕಿದ್ದರು. ಘಾಟಿ ರಸ್ತೆಯಲ್ಲಿ ಎದುರಿನವರಿಗೆ ಒಂದೆರಡು ಸೆಕೆಂಡ್ ಕಣ್ಣು ಕಾಣದಿದ್ರೆ ಗಾಡಿ ಪ್ರಪಾತಕ್ಕೆ. ಮಂಜಿನಲ್ಲಂತೂ ತಲೆ ಮೇಲಿನ ಬಿಳಿ ಲೈಟ್ ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತೆ. ಕಂಪನಿ ಕೊಟ್ಟ ಫಾಗ್ ಲ್ಯಾಂಪ್, ಶುಭ್ರವಾಗಿ ಒರೆಸಿದ ಹೆಡ್‌ಲೈಟ್ ಗ್ಲಾಸ್, ತಲೆಗೆ ಕಟ್ಟೋ ಒಂದು ಟಾರ್ಚ್. ಕ್ಯಾಂಪಿಗೆ ಇಷ್ಟೇ ಸಾಕು.

ಹಾಗಾದ್ರೆ ಯಾವುದು ಹಾಕಿಸಬಹುದು? ಗಾಡಿ ಕಂಪನಿಯೇ ಆ ಮಾಡೆಲ್‌ಗೆ ಅಂತ ಕೊಡೋ ಆಕ್ಸೆಸರಿ ಮೊದಲ ಆಯ್ಕೆ. ತೊಟ್ಟಿಗೆ ಮುಚ್ಚಳ, ಒಳಗೆ ಹಾಸೋ ಲೈನರ್, ಸಾಮಾನು ಕಟ್ಟೋ ಕೊಕ್ಕೆ, ಕಳಚಿ ತೆಗೆದಿಡೋ ಪೆಟ್ಟಿಗೆಗಳು ತಲೆನೋವಿಲ್ಲದವು. ಚಾಸಿ ಕೊರೆಯೋದು, ವೆಲ್ಡಿಂಗ್ ಮಾಡೋದು, ಎತ್ತರ ಹೆಚ್ಚಿಸೋದು, ಇಂಥ ಯಾವ ಕೆಲಸಕ್ಕೂ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹಿಂದಿನ ಪ್ಲೇಟ್ ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಸೇರಿಸಿದ್ರೆ ಗಾಡಿ ಕೂರಲ್ಲ ನಿಜ, ಆದ್ರೆ ಆರ್‌ಸಿಯಲ್ಲಿರೋ ಒಟ್ಟು ತೂಕದ ಮಿತಿ ಅದರಿಂದ ಒಂದು ಕೆ.ಜಿ.ಯೂ ಹೆಚ್ಚಲ್ಲ. ಬ್ರೇಕ್ ಅದೇ, ಆಕ್ಸಲ್ ಅದೇ.

ಹಾಕಿಸಿದ ಸಾಮಾನಿನ ಬಿಲ್ ಇಟ್ಕೊಂಡು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಪಾಲಿಸಿಯಲ್ಲಿ ಸೇರಿಸದ ಆಕ್ಸೆಸರಿಗೆ ಕ್ಲೇಮ್ ಸಿಗಲ್ಲ. ನಂಬರ್ ಪ್ಲೇಟ್‌ಗೆ ಏನೂ ಅಡ್ಡ ಬರದ ಹಾಗೆ ನೋಡ್ಕೊಳ್ಳಿ.

ರಾತ್ರಿ ಉಳಿಯೋರಿಗೆ

ಟೆಂಟು ತಲೆ ಮೇಲೇ ಇರಬೇಕು ಅಂತೇನಿಲ್ಲ. ತೊಟ್ಟಿಯಲ್ಲಿ ಹಾಸಿಗೆ ಹಾಕಿ ಮೇಲೆ ಟಾರ್ಪಾಲ್ ಕಟ್ಟಿದ್ರೂ ನಿದ್ದೆ ಬರುತ್ತೆ, ಗಾಡಿಯ ಭಾರವೂ ಕೆಳಗೇ ಉಳಿಯುತ್ತೆ. ದುಬಾರಿ ಫ್ರಿಜ್‌ಗಿಂತ ಮೀನು ಮಾರೋರು ಬಳಸೋ ಐಸ್ ಬಾಕ್ಸ್ ಎರಡು ದಿನದ ಟ್ರಿಪ್‌ಗೆ ಸಾಕು. ಡೀಸೆಲ್ ಒಯ್ಯೋದಾದ್ರೆ ನೀರಿನ ಕ್ಯಾನಿನಲ್ಲಿ ಬೇಡ. ಬೆಂಕಿ ಆರಿಸೋ ಚಿಕ್ಕ ಸಿಲಿಂಡರ್, ಪ್ರಥಮ ಚಿಕಿತ್ಸೆ ಡಬ್ಬಿ ಕೈಗೆ ಸಿಗೋ ಕಡೆ ಇರಲಿ, ಸಾಮಾನಿನ ತಳದಲ್ಲಿ ಅಲ್ಲ.

ಒಂದು ಎಚ್ಚರಿಕೆ ಮರೀಬೇಡಿ. ಚಳಿ ಅಂತ ಮುಚ್ಚಿದ ತೊಟ್ಟಿಯೊಳಗೆ, ಟೆಂಟಿನೊಳಗೆ ಕೆಂಡ ಇಟ್ಕೊಂಡು ಮಲಗೋದು, ಇಂಜಿನ್ ಆನ್ ಮಾಡಿಟ್ಟು ಮಲಗೋದು ಸಾವಿಗೆ ಆಹ್ವಾನ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆಯಲ್ಲೇ ಉಸಿರು ನಿಲ್ಲುತ್ತೆ.

ಮೂಡಿಗೆರೆ, ಸಕಲೇಶಪುರ, ಆಲೂರು ಭಾಗದಲ್ಲಿ ತೋಟದ ಅಂಚಲ್ಲಿ ಟೆಂಟ್ ಹಾಕೋದು ಆನೆ ದಾರಿಯಲ್ಲಿ ಮಲಗಿದ ಹಾಗೆ. ಗಾಡಿಯ ತಲೆ ಮೇಲೆ ಮಲಗಿದ್ರೆ ಆನೆಗೆ ಸಿಗಲ್ಲ ಅನ್ನೋದು ಭ್ರಮೆ. ಹೋಂಸ್ಟೇ ಅಂಗಳ, ಮನೆ ಇರೋ ಜಾಗ, ಕಾಂಪೌಂಡ್ ಒಳಗೆ ನಿಲ್ಲಿಸಿ. ಆನೆ ಎಲ್ಲಿದೆ ಅಂತ ಊರಿನವರನ್ನೋ ಅರಣ್ಯ ಸಿಬ್ಬಂದಿಯನ್ನೋ ವಿಚಾರಿಸಿ. ನೆಟ್‌ವರ್ಕ್ ಇಲ್ಲದ ಜಾಗ ಹೆಚ್ಚು, ಹೊರಡೋ ಮುಂಚೆ ಮ್ಯಾಪ್ ಡೌನ್‌ಲೋಡ್ ಮಾಡಿ, ಎಲ್ಲಿಗೆ ಹೋಗ್ತೀವಿ, ಯಾವಾಗ ಬರ್ತೀವಿ ಅಂತ ಮನೆಯಲ್ಲಿ ಹೇಳಿ. ತುರ್ತು ಸಂಖ್ಯೆ 112.

ಎಲ್ಲ ದಾರಿಯೂ ನಮ್ಮದಲ್ಲ

ಗಾಡಿ ಹೋಗುತ್ತೆ ಅಂದ ಮಾತ್ರಕ್ಕೆ ಹೋಗಬಹುದು ಅಂತ ಅಲ್ಲ. ಮೀಸಲು ಅರಣ್ಯ, ಅಭಯಾರಣ್ಯದೊಳಗೆ ಅನುಮತಿ ಇಲ್ದೆ ನುಗ್ಗಿದ್ರೆ ಕೇಸ್ ಆಗುತ್ತೆ. ಕೊಡಚಾದ್ರಿ, ಮಾಂದಲಪಟ್ಟಿಯಂಥ ಕಡೆ ಸ್ಥಳೀಯ ಜೀಪಿನವರೇ ಜನರನ್ನ ಕರ್ಕೊಂಡು ಹೋಗೋ ವ್ಯವಸ್ಥೆ ಇದೆ. ಆ ದಾರಿಯ ಒಂದೊಂದು ಕಲ್ಲೂ ಗೊತ್ತಿರೋ ಡ್ರೈವರ್‌ಗಳು ಅವರು. ಅಲ್ಲಿ ಹೊಸ ಪಿಕಪ್ ಪರೀಕ್ಷೆ ಮಾಡೋದಕ್ಕಿಂತ ಜೀಪ್ ಬಾಡಿಗೆ ಕೊಡೋದು ಮೇಲು.

ಇನ್ನು ಊರಿನ ಮಣ್ಣು ರಸ್ತೆ. ಒದ್ದೆ ಇರುವಾಗ ನಾಲ್ಕು ಗಾಡಿ ಮಜಾಕ್ಕೆ ಚಕ್ರ ಸುತ್ತಿಸಿ ಹೋದ್ರೆ ಮೊಣಕಾಲುದ್ದ ಗುಂಡಿ. ಮಾರನೇ ದಿನ ಅದೇ ದಾರಿಯಲ್ಲಿ ಮಕ್ಕಳು ಶಾಲೆಗೆ, ಹಾಲಿನವರು ಡೇರಿಗೆ, ಬಸುರಿ ಹೆಂಗಸು ಆಸ್ಪತ್ರೆಗೆ ಹೋಗಬೇಕು. ಎಂಟಿ ಟಯರ್ ಇದ್ದವರಿಗೆ ಅದು ಒಂದು ದಿನದ ಸಾಹಸ, ಊರಿನವರಿಗೆ ಬೇಸಿಗೆ ಬರೋ ತನಕ ಗೋಳು.

ಅಂಗಡಿಯವರಿಗೆ ಎರಡು ಮಾತು

ಈ ವ್ಯಾಪಾರ ಮುಂದೆ ಬೆಳೆಯೋದೇ. ಟಯರ್, ಕಂಪ್ರೆಸರ್, ಒಳ್ಳೇ ಹಗ್ಗ, ಶ್ಯಾಕಲ್, ಟಾರ್ಪಾಲ್, ಪಂಚರ್ ಕಿಟ್ ಇಟ್ರೆ ಪ್ರವಾಸಿಗರೂ ತಗೋತಾರೆ, ತೋಟದವರೂ ತಗೋತಾರೆ, ಕಾನೂನಿನ ಕಿರಿಕಿರಿಯೂ ಇಲ್ಲ. ಸುರಕ್ಷತೆಗೆ ಅತಿ ಮುಖ್ಯ ಅಂತ ಸರ್ಕಾರ ಗುರುತಿಸಿದ ಬಿಡಿಭಾಗಗಳನ್ನ ಗುಣಮಟ್ಟ ಇಲ್ಲದೆ ಮಾರಿದ್ರೆ ಅದೇ 182ಎ ಸೆಕ್ಷನ್‌ನಲ್ಲಿ ಮಾರಿದವರಿಗೂ ಒಂದು ವರ್ಷದವರೆಗೆ ಜೈಲು ಅಥವಾ ಒಂದೊಂದು ಬಿಡಿಭಾಗಕ್ಕೆ ₹1 ಲಕ್ಷ ದಂಡ ಇದೆ. ಬಿಲ್ ಕೊಡಿ, ಹಗ್ಗ ಎಷ್ಟು ಟನ್ ತಡೆಯುತ್ತೆ ಅಂತ ಬಾಯಿಬಿಟ್ಟು ಹೇಳಿ.

ಗ್ರಾಹಕರು ಖರ್ಚು ಮಾಡಬೇಕಾದ ಸಾಲು ಹೀಗಿರಲಿ: ಮೊದಲು ಬ್ರೇಕ್, ಸಸ್ಪೆನ್ಷನ್, ಬ್ಯಾಟರಿ ಸರ್ವೀಸ್. ಆಮೇಲೆ ಟಯರ್, ಗಾಳಿ ಸಾಮಾನು. ಮೂರನೇದು ಹಗ್ಗ, ಶ್ಯಾಕಲ್, ಹಾರೆ, ಗುದ್ದಲಿ. ನಾಲ್ಕನೇದು ಮಲಗೋ, ಅಡುಗೆ ಮಾಡೋ ಸಾಮಾನು. ಕೊನೆಗೆ ದುಡ್ಡು, ತೂಕ ಎರಡೂ ಉಳಿದಿದ್ರೆ ಮಿಕ್ಕಿದ್ದು. ಒಂದೇ ಸಲ ಎಲ್ಲ ಹಾಕಿಸೋ ಬದಲು ಹತ್ತಿರದಲ್ಲೇ ಒಂದು ರಾತ್ರಿ ಉಳಿದು ಬನ್ನಿ. ಏನು ಬಳಸಿದ್ರಿ, ಏನು ಸುಮ್ನೆ ಹೊತ್ಕೊಂಡು ಹೋಗಿ ಬಂದ್ರಿ ಅಂತ ಬರೆದಿಡಿ. ಎರಡನೇ ಟ್ರಿಪ್‌ಗೆ ಹೊರಡುವಾಗ ಆ ಚೀಟಿಯೇ ನಿಮ್ಮ ಲಿಸ್ಟ್.